ಸೊಲ್ಲಾಪುರದ ಡಾ. ಕೋಟ್ನೀಸ್ ಬಿಟ್ಟುಹೋದ ಪದಗಳ ನೋಟ್‌ಬುಕ್

ಲಂಡನ್ನಿನ ಹರಾಜು ಮನೆಗಳಲ್ಲಿ ಹಳೆಯ ಸೇನಾ ಪದಕಗಳಿಗೆ ಒಳ್ಳೆಯ ಬೇಡಿಕೆ ಇದೆ. ಪದಕ ಪಡೆದವನು ಯುದ್ಧನೌಕೆಯ ಸರ್ಜನ್ ಆಗಿದ್ದು, ಜೊತೆಗೆ ಅವನ ಆಪರೇಷನ್ ಪೆಟ್ಟಿಗೆ, ಡೈರಿ, ಪತ್ರಗಳೂ ಸಿಕ್ಕಿಬಿಟ್ಟರೆ ಸಂಗ್ರಹಕಾರರ ಆಸಕ್ತಿ ಇನ್ನೂ ಹೆಚ್ಚುತ್ತದೆ. ಅಂಥ ಪದಕಗಳಲ್ಲಿ ಒಂದು 1842ರ ಚೀನಾ ಯುದ್ಧ ಪದಕ. ಒಂದು ಬದಿಗೆ ವಿಕ್ಟೋರಿಯಾ ರಾಣಿಯ ಮುಖ. ಇನ್ನೊಂದು ಬದಿಗೆ ಆಯುಧಗಳ ರಾಶಿ, ಹಿಂದೊಂದು ತಾಳೆಮರ, ಮೇಲೆ ಶಸ್ತ್ರಬಲದಿಂದ ಶಾಂತಿ ಕೇಳಿದರು ಎಂಬರ್ಥದ ಲ್ಯಾಟಿನ್ ಮಾತು. ಅಂಚಿನಲ್ಲಿ ಪಡೆದವನ ಹೆಸರು.

ಆ ಶಾಂತಿ ಎಂಥದ್ದು ಅಂತ ಇತಿಹಾಸ ಓದಿದವರಿಗೆ ಗೊತ್ತು. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿ ಮಾರುವ ದಂಧೆಗೆ ಅಲ್ಲಿನ ಸರ್ಕಾರ ಅಡ್ಡ ಬಂತು. ಅದಕ್ಕೇ ಯುದ್ಧ. ಮಾಳವದ ಅಫೀಮು ಹೊರಟಿದ್ದು ಬಾಂಬೆ ಬಂದರಿನಿಂದ. ಹೋರಾಡಲು ಹೋದವರಲ್ಲಿ ಮದ್ರಾಸ್ ಸೇನೆಯ ಸಿಪಾಯಿಗಳಿದ್ದರು, ಅಂದರೆ ನಮ್ಮ ದಕ್ಷಿಣದ ರೈತರ ಮಕ್ಕಳು. ಆ ಯುದ್ಧದಲ್ಲಿ ಎಡ್ವರ್ಡ್ ಕ್ರೀ ಎಂಬ ನೌಕಾ ಸರ್ಜನ್ ಇದ್ದ. ತಾನು ಕಂಡದ್ದನ್ನೆಲ್ಲ ಬಣ್ಣದ ಚಿತ್ರಗಳ ಸಮೇತ ದಿನಚರಿಯಲ್ಲಿ ಬರೆದಿಟ್ಟ. ಅವು ಇವತ್ತಿಗೂ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿವೆ. ಕ್ರೀ ಬಗ್ಗೆ ನನಗೆ ಸಿಟ್ಟಿಲ್ಲ. ಅವನೂ ಡಾಕ್ಟರೇ, ತನ್ನ ಹಡಗಿನವರ ಜ್ವರ, ಗಾಯ ನೋಡಿದವನೇ. ಆದರೆ ಅವನು ಚೀನಾ ನೋಡಿದ್ದು ತೋಪಿನ ಹಿಂದೆ ನಿಂತು.

ಆ ಪದಕ ಬಂದು 96 ವರ್ಷಗಳಾದ ಮೇಲೆ, 1938ರ ಸೆಪ್ಟೆಂಬರ್ 1ರಂದು, ಅದೇ ಬಾಂಬೆಯಿಂದ ಇನ್ನೊಂದು ಹಡಗು ಚೀನಾದ ಕಡೆ ಹೊರಟಿತು. ಹೆಸರು ರಾಜಪುತಾನಾ. ಅದರಲ್ಲಿ ಐವರು ಭಾರತೀಯ ಡಾಕ್ಟರುಗಳಿದ್ದರು. ಅವರಲ್ಲಿ ಒಬ್ಬರು ಸೊಲ್ಲಾಪುರದ ದ್ವಾರಕಾನಾಥ ಶಾಂತಾರಾಮ ಕೋಟ್ನೀಸ್. ಹಡಗಿನಲ್ಲಿ ಕೂತು ಅವರು ಒಂದು ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದುಕೊಳ್ಳುತ್ತಾ ಹೋದರು. ಚೀನಾ ಮುಟ್ಟುವ ಮೊದಲೇ ಚೀನೀ ಭಾಷೆಗೆ ಮಾಡಿಕೊಂಡ ತಯಾರಿ ಅದು. ಆ ಪದಗಳ ಪುಸ್ತಕ ಇಂದು ಉತ್ತರ ಚೀನಾದ ಶಿಜಿಯಾಜುವಾಂಗ್ ನಗರದಲ್ಲಿ, ಅವರ ಸ್ಮಾರಕದ ಬಳಿಯ ಪುಟ್ಟ ವಸ್ತುಸಂಗ್ರಹಾಲಯದಲ್ಲಿದೆ. ಪಕ್ಕದಲ್ಲಿ ಯುದ್ಧಕಾಲದಲ್ಲಿ ಬಳಸಿದ ಶಸ್ತ್ರಚಿಕಿತ್ಸೆಯ ಉಪಕರಣಗಳು, ಕೆಲವು ಫೋಟೊಗಳು.

ಹರಾಜಿಗೆ ಬರುವ ಎಷ್ಟೋ ಬೆಳ್ಳಿ ಪದಕಗಳಿಗಿಂತ ಈ ನೋಟ್‌ಬುಕ್ ನನಗೆ ದೊಡ್ಡದು. ಯಾಕೆ ಅಂತ ಹೇಳಬೇಕಾದರೆ ಆ ಮನುಷ್ಯನ ಬದುಕನ್ನೇ ಹೇಳಬೇಕು.

ನಮ್ಮ ಮಗ್ಗುಲಿನ ಊರು

ನಾನು ಇಳಕಲ್ ಕಡೆಯವನು. ನಮಗೆ ಸೊಲ್ಲಾಪುರ ಪರರಾಜ್ಯ ಅಂತ ಅನ್ನಿಸಿದ್ದೇ ಇಲ್ಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನ ನೆನಪಿದ್ದರೆ, ಸೊಲ್ಲಾಪುರದಲ್ಲಿ ಸಿದ್ಧರಾಮನ ನೆನಪಿದೆ. ಕೆರೆ ಕಟ್ಟಿಸುವುದೇ ಶಿವನ ಕೆಲಸ ಅಂತ ನಂಬಿ ಶುರುಮಾಡಿದ ಶರಣ ಆತ. ಸೊನ್ನಲಿಗೆ ಅಂತ ವಚನಕಾಲದವರು ಕರೆದ ಊರು ಇದೇ. ನೇಕಾರಿಕೆ ಎರಡೂ ಕಡೆ ಹೊಟ್ಟೆಪಾಡು. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ದಾಟಿ ಹೊಟಗಿಗೆ ಹೋಗುವ ರೈಲು ಬ್ರಿಟಿಷರ ಕಾಲದ್ದು. ಹೊಟಗಿ ಬಿಟ್ಟರೆ ಮುಂದೆ ಸೊಲ್ಲಾಪುರವೇ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳೆಲ್ಲ ಬಿಜಾಪುರ ಜಿಲ್ಲೆಯಲ್ಲಿದ್ದವು, ಬಿಜಾಪುರವೂ ಸೊಲ್ಲಾಪುರವೂ ಒಂದೇ ಬಾಂಬೆ ಪ್ರಾಂತ್ಯದಲ್ಲಿದ್ದವು.

ಕೋಟ್ನೀಸರನ್ನು ಕನ್ನಡಿಗರು ಅಂತ ಸಾಧಿಸುವ ಆಸೆ ನನಗಿಲ್ಲ. ಯಾರ ಮನೆಯಲ್ಲಿ ಯಾವ ಭಾಷೆ ಅಂತ ಕೇಳುವ ಮೊದಲು ಆ ಊರು ಅವರನ್ನು ಹೇಗೆ ಬೆಳೆಸಿತು ಅಂತ ನೋಡಬೇಕು.

ಅವರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಇಬ್ಬರು ಸಹೋದರರು, ಐವರು ಸಹೋದರಿಯರಿದ್ದ ಕೆಳಮಧ್ಯಮ ವರ್ಗದ ಮನೆ. ಅಪ್ಪ ಶಾಂತಾರಾಮ ಬಟ್ಟೆ ಗಿರಣಿಯಲ್ಲಿ ನೌಕರಿಗಿದ್ದವರು. ಸೊಲ್ಲಾಪುರ ಅಂದರೆ ಆಗ ಗಿರಣಿಗಳ ಭೋಂಗಾ ಕೇಳಿ ಏಳುವ ಊರು. ಕನ್ನಡ, ಮರಾಠಿ, ತೆಲುಗು, ದಖ್ಖನಿ ನಾಲ್ಕೂ ಒಂದೇ ಬೀದಿಯಲ್ಲಿ ಕೇಳುತ್ತಿದ್ದವು.

ಹುಡುಗ 19 ದಾಟುವ ಹೊತ್ತಿಗೆ ಆ ಊರಿನಲ್ಲಿ ನಡೆದದ್ದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಡಿಮೆ. 1930ರ ಮೇ ತಿಂಗಳು ಗಾಂಧಿಯವರನ್ನು ಬಂಧಿಸಿದ ಸುದ್ದಿಗೆ ಸೊಲ್ಲಾಪುರ ಸಿಡಿದೆದ್ದಿತು. ಮೇ 8ರಂದು ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಮೂರ್ನಾಲ್ಕು ದಿನ ಬ್ರಿಟಿಷ್ ಆಡಳಿತವೇ ಊರಿನಲ್ಲಿ ಇರಲಿಲ್ಲ. ಜನರೇ ವ್ಯವಸ್ಥೆ ನೋಡಿಕೊಂಡರು. ಮೇ 12ಕ್ಕೆ ಸರ್ಕಾರ ಸೇನಾ ಕಾನೂನು ಹೇರಿತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನು ನೇಣಿಗೆ ಹಾಕಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ. ಹೆಸರುಗಳನ್ನು ಇನ್ನೊಮ್ಮೆ ಓದಿ. ಒಂದು ಊರು ಹೇಗಿತ್ತು ಅಂತ ಆ ನಾಲ್ಕು ಹೆಸರುಗಳೇ ಹೇಳುತ್ತವೆ.

ಕೋಟ್ನೀಸ್ ಬಾಂಬೆಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದರು. ರಾಷ್ಟ್ರೀಯ ಚಳವಳಿಯ ಜೊತೆ ಬೆಳೆದ ಕಾಲೇಜು ಅದು. ಡಾಕ್ಟರಾದರು, ಹೆಚ್ಚಿನ ಓದಿಗೆ ತಯಾರಾಗುತ್ತಿದ್ದರು. ಮನೆಯವರ ಲೆಕ್ಕಾಚಾರ ಏನಿದ್ದಿರಬೇಕು ಅಂತ ಊಹಿಸುವುದು ಕಷ್ಟವಲ್ಲ. ಎಂಟು ಮಕ್ಕಳ ಮನೆಯಲ್ಲಿ ಒಬ್ಬ ಡಾಕ್ಟರಾದ ಅಂದರೆ ಮನೆಯ ಭಾರ ಇಳಿಯಿತು ಅಂತಲೇ ಅರ್ಥ.

ಗುಲಾಮ ದೇಶ ಕಳಿಸಿದ ಆಂಬುಲೆನ್ಸ್

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣಪ್ರಮಾಣದ ದಾಳಿ ಮಾಡಿತು. ಡಿಸೆಂಬರಿನಲ್ಲಿ ನಾನ್‌ಜಿಂಗ್ ನಗರದಲ್ಲಿ ಆದ ಹತ್ಯಾಕಾಂಡ ಜಗತ್ತಿಗೇ ಗೊತ್ತು. ಚೀನೀ ಸೇನೆಗಳಲ್ಲಿ ಗಾಯಾಳುಗಳು ಸಾವಿರಗಟ್ಟಲೆ, ತರಬೇತಿ ಪಡೆದ ಡಾಕ್ಟರುಗಳು ಬೆರಳೆಣಿಕೆ. ಕಮ್ಯುನಿಸ್ಟ್ ಸೇನಾನಿ ಝೂ ಡೆ, ಅಮೆರಿಕದ ಪತ್ರಕರ್ತೆ ಆಗ್ನೆಸ್ ಸ್ಮೆಡ್ಲಿಯ ಸಲಹೆಯಂತೆ, ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ಡಾಕ್ಟರುಗಳನ್ನು ಕಳಿಸಿ ಅಂತ ಕೇಳಿಕೊಂಡರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಭಾರತ ಆಗ ಸ್ವತಂತ್ರ ದೇಶವಲ್ಲ. ಸ್ವಂತ ಸೇನೆ ಇಲ್ಲ, ವಿದೇಶಾಂಗ ಖಾತೆ ಇಲ್ಲ, ಖಜಾನೆ ಇಲ್ಲ. ಇದ್ದದ್ದು ಒಂದು ಚಳವಳಿ. 1938ರ ಹರಿಪುರಾ ಅಧಿವೇಶನದಲ್ಲಿ ಕಾಂಗ್ರೆಸ್ ಚೀನಾದ ಜನರ ಪರ ನಿರ್ಣಯ ಮಾಡಿ ಜಪಾನಿ ಸರಕುಗಳನ್ನು ಬಹಿಷ್ಕರಿಸಲು ಕರೆಕೊಟ್ಟಿತು. ಅಧ್ಯಕ್ಷರಾಗಿದ್ದವರು ಸುಭಾಷ್ ಚಂದ್ರ ಬೋಸ್. ಜೂನ್ 30ರಂದು ಅವರು ಡಾಕ್ಟರುಗಳಿಗೂ ದಾನಿಗಳಿಗೂ ಮನವಿ ಮಾಡಿದರು. ಚೀನಾ ದಿನ ಆಚರಿಸಿ ಹಣ ಕೂಡಿಸಿದರು. ಸಂಗ್ರಹವಾದದ್ದು ಸುಮಾರು 22,000 ರೂಪಾಯಿ. ಆ ದುಡ್ಡಿನ ಜೊತೆ ಒಂದು ಆಂಬುಲೆನ್ಸ್, ಐವರು ಡಾಕ್ಟರುಗಳು. ಅಲಹಾಬಾದಿನ ಮದನ್ ಮೋಹನಲಾಲ್ ಅಟಲ್ ಮುಖ್ಯಸ್ಥರು, ಆಗಲೇ ಸ್ಪೇನ್‌ನ ಅಂತರ್ಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದವರಿಗೆ ಚಿಕಿತ್ಸೆ ಕೊಟ್ಟು ಬಂದವರು. ನಾಗಪುರದ ಚೋಳ್ಕರ್, ಕಲ್ಕತ್ತಾದ ಬಿಜಯ್ ಕುಮಾರ್ ಬಸು ಮತ್ತು ದೇಬೇಶ್ ಮುಖರ್ಜಿ, ಮತ್ತು 27 ವರ್ಷದ ಕೋಟ್ನೀಸ್.

ಇಂಥ ಸೇವಾಭಾವ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಹದಿನೈದು ವರ್ಷಗಳ ಕಟ್ಟುವ ಕೆಲಸವಿತ್ತು. ಹುಬ್ಬಳ್ಳಿಯ ಇನ್ನೊಬ್ಬ ಡಾಕ್ಟರ್ ನಾ.ಸು. ಹರ್ಡೀಕರ್ ಕಟ್ಟಿದ ಹಿಂದೂಸ್ತಾನಿ ಸೇವಾದಳಕ್ಕೆ 1923ರ ಕಾಕಿನಾಡ ಅಧಿವೇಶನ ಒಪ್ಪಿಗೆ ಕೊಟ್ಟಿತ್ತು. ಅದರ ವ್ಯಾಯಾಮ ಶಿಕ್ಷಕರನ್ನು ತಯಾರು ಮಾಡುವ ಕೇಂದ್ರ ನಡೆದದ್ದು ನಮ್ಮ ಬಾಗಲಕೋಟೆಯಲ್ಲಿ. ಶಿಸ್ತು, ಸಮವಸ್ತ್ರ, ಕವಾಯತು ಎಲ್ಲ ಇತ್ತು. ಆದರೆ ಅದೆಲ್ಲ ಯಾರನ್ನೋ ಹೆದರಿಸಲಿಕ್ಕಾಗಿ ಇರಲಿಲ್ಲ. ಅಧಿವೇಶನದ ಜನಸಂದಣಿಯನ್ನು ಸಂಭಾಳಿಸುವುದು, ಬಿದ್ದವರನ್ನು ಎತ್ತುವುದು, ಜೈಲಿಗೆ ಹೋದರೆ ಕ್ಷಮೆ ಕೇಳದೆ ಇರುವುದು, ಇದು ಅವರ ಪಾಠ. ಡಾಕ್ಟರುಗಳನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಹುಟ್ಟಿದ್ದು ಅಂಥ ಚಳವಳಿಯೊಳಗೆ.

ಹ್ಯೂಯೆನ್‌ತ್ಸಾಂಗನ ಹಾದಿಯಲ್ಲಿ ಹಿಮ್ಮುಖವಾಗಿ

ಬಾದಾಮಿಯಲ್ಲಿ ಪುಲಕೇಶಿಯ ಕಾಲದ ಮಾತು ಬಂದಾಗಲೆಲ್ಲ ಹ್ಯೂಯೆನ್‌ತ್ಸಾಂಗನ ಹೆಸರು ಬರುತ್ತದೆ. 7ನೇ ಶತಮಾನದಲ್ಲಿ ಆ ಚೀನೀ ಯಾತ್ರಿಕ ಇಮ್ಮಡಿ ಪುಲಕೇಶಿಯ ರಾಜ್ಯದಲ್ಲಿ ಓಡಾಡಿ ಇಲ್ಲಿನ ಜನರ ಸ್ವಾಭಿಮಾನದ ಬಗ್ಗೆ ಬರೆದ. ಅವನು ಬಂದದ್ದು ಗ್ರಂಥ ಹುಡುಕಿಕೊಂಡು. ಅದಕ್ಕಾಗಿ ಮೊದಲು ಸಂಸ್ಕೃತ ಕಲಿತ, ವರ್ಷಗಟ್ಟಲೆ ನಲಂದಾದಲ್ಲಿ ಕೂತ. ಅದಾಗಿ ಸುಮಾರು 1,300 ವರ್ಷಕ್ಕೆ ಅದೇ ಸೀಮೆಯ ಹತ್ತಿರದ ಊರಿನವರೊಬ್ಬರು ಹಡಗಿನಲ್ಲಿ ಕೂತು ಚೀನೀ ಪದ ಕಲಿಯುತ್ತಿದ್ದರು. ಎರಡು ದೇಶಗಳ ನಡುವೆ ಅಫೀಮು ಮತ್ತು ಸಿಪಾಯಿಗಳ ಹಾದಿಗಿಂತ ಹಳೆಯ ಹಾದಿಯೊಂದಿದೆ, ಅದು ಕಲಿಯಲು ಹೋಗುವವರ ಹಾದಿ.

ಸೆಪ್ಟೆಂಬರ್ 17ರಂದು ತಂಡ ಕ್ಯಾಂಟನ್ ಮುಟ್ಟಿತು. ಅಲ್ಲಿಂದ ಹಾಂಕೌ, ಚೋಂಗ್‌ಕಿಂಗ್. ಜಪಾನಿ ವಿಮಾನಗಳು ಬಾಂಬು ಹಾಕುತ್ತಿದ್ದ ನಗರಗಳಲ್ಲಿ ಕೆಲಸ ಶುರುವಾಯಿತು. ಐವರೂ ತಮ್ಮ ಹೆಸರಿಗೆ ಹುವಾ ಎಂಬ ಅಕ್ಷರ ಸೇರಿಸಿಕೊಂಡರು. ಹುವಾ ಅಂದರೆ ಚೀನಾ. ಕೋಟ್ನೀಸ್ ಹೀಗೆ ಕೆ ದಿಹುವಾ ಆದರು. ಈ ನಡುವೆಯೇ ಸೊಲ್ಲಾಪುರದಿಂದ ಸುದ್ದಿ ಬಂತು, ಅಪ್ಪ ತೀರಿಕೊಂಡರು ಅಂತ. ಹಿಂದಿರುಗಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ತಲುಪಿತು. ಮಾವೋ, ಝೂ ಡೆ ಅವರನ್ನು ಬರಮಾಡಿಕೊಂಡರು.

ಈ ನಿರ್ಧಾರದ ಬಗ್ಗೆ ನನಗೆ ಸುಲಭದ ಮೆಚ್ಚುಗೆ ಇಲ್ಲ. ಮನೆಯಲ್ಲಿ ಉಳಿದ ತಾಯಿ, ತಂಗಿಯರ ಕಡೆಯಿಂದ ನೋಡಿದರೆ ಅದಕ್ಕೊಂದು ಬೆಲೆ ಇತ್ತು, ಆ ಬೆಲೆ ತೆತ್ತವರ ಹೆಸರಿನಲ್ಲಿ ಪ್ರತಿಮೆಗಳಿಲ್ಲ. ನಾವು ಹುತಾತ್ಮರ ಕಥೆ ಹೇಳುವಾಗ ಇದನ್ನು ನುಂಗಿಬಿಡುತ್ತೇವೆ.

ಚೋಳ್ಕರ್ ಮತ್ತು ಮುಖರ್ಜಿ ಮೊದಲು ಮರಳಿದರು. ಮುಂದೆ ಅಟಲ್ ಅನಾರೋಗ್ಯದಿಂದ ಭಾರತಕ್ಕೆ ಬಂದರು. ಬಸು 1943ರವರೆಗೆ ಇದ್ದರು. ಕೋಟ್ನೀಸ್ ಯೆನಾನ್‌ನಲ್ಲೂ ನಿಲ್ಲದೆ ಉತ್ತರ ಚೀನಾದಲ್ಲಿ ಜಪಾನಿ ಸೇನೆಯ ಬೆನ್ನ ಹಿಂದಿದ್ದ ಗೆರಿಲ್ಲಾ ಪ್ರದೇಶಕ್ಕೆ ಹೋದರು. ಎಂಟನೇ ಮಾರ್ಗ ಸೇನೆ ಹೋರಾಡುತ್ತಿದ್ದ ಗುಡ್ಡಗಾಡು ಅದು.

ಕೈಗವಸು ಇಲ್ಲದ ಆಪರೇಷನ್ ಥಿಯೇಟರ್

ಆ ಪ್ರದೇಶದಲ್ಲಿ ಅವರಿಗಿಂತ ಮೊದಲು ಕೆನಡಾದ ಸರ್ಜನ್ ನಾರ್ಮನ್ ಬೆಥೂನ್ ಇದ್ದರು. ಆಪರೇಷನ್ ಮಾಡುವಾಗ ಬೆರಳಿಗೆ ಆದ ಸಣ್ಣ ಗಾಯ, ಕೈಗವಸು ಇಲ್ಲ, ನಂಜು ರಕ್ತಕ್ಕೇರಿತು. 1939ರ ನವೆಂಬರ್ 12ರಂದು ತೀರಿಕೊಂಡರು. ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಒಂದು ಜೊತೆ ರಬ್ಬರ್ ಕೈಗವಸು ಎಷ್ಟು ದೊಡ್ಡ ವಿಷಯ ಅಂತ ಇದರಿಂದ ತಿಳಿಯಬಹುದು.

ಅಂಥಲ್ಲಿಗೆ ಕೋಟ್ನೀಸ್ ಬಂದರು. ಹಳ್ಳಿ ಮನೆಗಳೇ ವಾರ್ಡು. ಶತ್ರು ಸೇನೆ ಹತ್ತಿರ ಬಂತು ಅಂದರೆ ಗಾಯಾಳುಗಳನ್ನು ಹೊತ್ತುಕೊಂಡು ಆಸ್ಪತ್ರೆಯನ್ನೇ ಬೇರೆ ಹಳ್ಳಿಗೆ ಸಾಗಿಸಬೇಕು. 1940ರ ಕಾಳಗಗಳಲ್ಲಿ ಅವರು ಒಮ್ಮೆ 72 ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದರು, ಆ ಕಾಳಗಗಳ ಅವಧಿಯಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿದರು ಅಂತ ದಾಖಲಾಗಿದೆ. 1941ರ ಜನವರಿಯಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮೊದಲ ನಿರ್ದೇಶಕರಾದರು.

ಆದರೆ ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಹಡಗಿನಲ್ಲಿ ಪದ ಬರೆದುಕೊಳ್ಳುತ್ತಿದ್ದ ಮನುಷ್ಯ ಎರಡೇ ವರ್ಷಗಳಲ್ಲಿ ಚೀನೀ ಭಾಷೆಯಲ್ಲಿ ಸರ್ಜರಿ ಪಾಠ ಮಾಡುತ್ತಿದ್ದರು. ಅಲ್ಲಿನ ವೈದ್ಯಕೀಯ ಶಾಲೆಯ ಹುಡುಗ ಹುಡುಗಿಯರು ಹೆಚ್ಚಾಗಿ ರೈತರ ಮಕ್ಕಳು. ಅವರಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆದರು. ಇನ್ನೊಂದು ಬರೆಯುತ್ತಿದ್ದಾಗಲೇ ತೀರಿಕೊಂಡರು.

ಸ್ವಲ್ಪ ಯೋಚಿಸಿ. ಅವರು ದುಭಾಷಿ ಇಟ್ಟುಕೊಂಡು ಕೆಲಸ ಸಾಗಿಸಬಹುದಿತ್ತು. ಒಬ್ಬ ಸರ್ಜನ್ ಸಾಯುವವರೆಗೆ ದುಡಿದರೂ ಉಳಿಸುವುದು ಸಾವಿರ ಜೀವ. ನೂರು ಜನಕ್ಕೆ ಅವರ ಭಾಷೆಯಲ್ಲೇ ಕಲಿಸಿದರೆ ಆ ಲೆಕ್ಕವೇ ಬೇರೆ. ಡಾಕ್ಟರ್ ಸತ್ತ ಮೇಲೂ ಆಸ್ಪತ್ರೆ ನಡೆಯುತ್ತದೆ. ಕೋಟ್ನೀಸ್ ಸತ್ತ ಮೇಲೂ ಅದು ನಡೆಯಿತು.

ನಮ್ಮಲ್ಲಿ ಏನಾಗುತ್ತಿದೆ? ಹುನಗುಂದದ ಹಳ್ಳಿಯಿಂದ ಬಂದ ಅಜ್ಜಿಗೆ ತನಗೆ ಏನಾಗಿದೆ ಅಂತ ಅವಳ ಮಾತಿನಲ್ಲಿ ಹೇಳುವವರು ಎಷ್ಟು ಕಡೆ ಸಿಗುತ್ತಾರೆ? ಕಳಮಳ, ಸಂಕಟ, ಹೊಟ್ಟ್ಯಾಗ ಕಿವುಚಿದಂಗ ಅಂತ ಆಕೆ ಹೇಳಿದರೆ ಅದು ಯಾವ ಕಾಯಿಲೆ ಅಂತ ಪಟ್ಟನೆ ಹಿಡಿಯುವ ಎಳೆಯ ಡಾಕ್ಟರುಗಳನ್ನು ನಮ್ಮ ಕಾಲೇಜುಗಳು ತಯಾರು ಮಾಡುತ್ತಿವೆಯೇ? ರೋಗಿಯ ಭಾಷೆ ಕಲಿಯುವುದನ್ನು ನಾವು ಭಾಷಾಭಿಮಾನದ ಪ್ರಶ್ನೆ ಮಾಡಿಬಿಟ್ಟಿದ್ದೇವೆ. ಅದು ಮೂಲತಃ ಚಿಕಿತ್ಸೆಯ ಪ್ರಶ್ನೆ.

ಯಿನ್‌ಹುವಾ ಎಂಬ ಹೆಸರು

ಬೆಥೂನ್ ಸಮಾಧಿಯ ಕಾರ್ಯಕ್ರಮದಲ್ಲಿ ಕೋಟ್ನೀಸರಿಗೆ ಗುವೋ ಚಿಂಗ್‌ಲಾನ್ ಪರಿಚಯವಾದರು. ಅವರು ನರ್ಸಿಂಗ್ ಶಿಕ್ಷಕಿ. 1941ರ ನವೆಂಬರ್ 25ರಂದು ಮದುವೆಯಾಯಿತು. 1942ರ ಆಗಸ್ಟ್ 23ರಂದು ಮಗ ಹುಟ್ಟಿದ. ಸೇನಾನಿ ನಿಯೆ ರೋಂಗ್‌ಝೆನ್ ಸೂಚಿಸಿದ ಹೆಸರು ಯಿನ್‌ಹುವಾ. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ. ಅದೇ ವರ್ಷ ಜುಲೈನಲ್ಲಿ ಕೋಟ್ನೀಸ್ ಚೀನೀ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು.

ಅವರಿಗೆ ಫಿಟ್ಸ್ ಬರುತ್ತಿತ್ತು. ಚಿಕಿತ್ಸೆಗೆ ಬೇರೆ ಕಡೆ ಹೋಗಿ ಅಂದರೂ ಕೇಳಲಿಲ್ಲ. ಊಟ, ನಿದ್ದೆ, ಔಷಧಿ ಯಾವುದೂ ಸರಿಯಿಲ್ಲದ ಯುದ್ಧಭೂಮಿಯಲ್ಲಿ ಅದು ಹೆಚ್ಚುತ್ತಾ ಹೋಯಿತು. 1942ರ ಡಿಸೆಂಬರ್ 9ರಂದು ಒಂದರ ಹಿಂದೆ ಒಂದು ಬಂದ ಸೆಳವಿನಲ್ಲಿ ತೀರಿಕೊಂಡರು. ವಯಸ್ಸು 32. ಮಗುವಿಗೆ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ.

32ಕ್ಕೆ ಸಾಯುವುದನ್ನು ಆದರ್ಶ ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ದುಡಿದು ದುಡಿದು ಸಾಯುವುದನ್ನು ಹೊಗಳುವವರು ಸಾಮಾನ್ಯವಾಗಿ ದುಡಿಸಿಕೊಳ್ಳುವವರೇ ಆಗಿರುತ್ತಾರೆ. ಅವರು ಬದುಕಿದ್ದರೆ ಇನ್ನೆಷ್ಟು ಪುಸ್ತಕ ಬರೆಯುತ್ತಿದ್ದರು, ಎಷ್ಟು ಡಾಕ್ಟರುಗಳನ್ನು ತಯಾರು ಮಾಡುತ್ತಿದ್ದರು ಎಂಬ ನಷ್ಟದ ಲೆಕ್ಕವನ್ನೂ ಇಡಬೇಕು.

ಇನ್ನೂ ಒಂದು ದುಃಖ ಇದೆ. ಮಗ ಯಿನ್‌ಹುವಾ ಅಪ್ಪನಂತೆ ವೈದ್ಯಕೀಯ ಓದುತ್ತಿದ್ದ. 1967ರಲ್ಲಿ, ಇನ್ನೂ 25 ತುಂಬುವ ಆಸುಪಾಸಿನಲ್ಲಿ, ತೀರಿಕೊಂಡ. ಅವನ ಸಾವಿಗೆ ಚಿಕಿತ್ಸೆಯಲ್ಲಾದ ಲೋಪ ಕಾರಣ ಎನ್ನುತ್ತಾರೆ. ಅದು ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಚೀನಾ ತನ್ನ ಶಿಕ್ಷಕರನ್ನೂ ಡಾಕ್ಟರುಗಳನ್ನೂ ಬೀದಿಯಲ್ಲಿ ಅವಮಾನಿಸುತ್ತಿದ್ದ ಕಾಲ. ಗುವೋ ಚಿಂಗ್‌ಲಾನ್ ದೀರ್ಘಕಾಲ ಬದುಕಿ, ಭಾರತಕ್ಕೆ ಹಲವು ಸಲ ಬಂದು ಹೋಗಿ, 2012ರಲ್ಲಿ ಕಣ್ಣುಮುಚ್ಚಿದರು.

ಯಾರ ಕೋಟ್ನೀಸ್?

ಕೋಟ್ನೀಸ್ ಸತ್ತ ನಾಲ್ಕೇ ವರ್ಷಕ್ಕೆ ಅವರ ಕಥೆ ಸಿನಿಮಾ ಆಯಿತು. ಖ್ವಾಜಾ ಅಹ್ಮದ್ ಅಬ್ಬಾಸ್ ಬರೆದ ಪುಸ್ತಕ ಆಧರಿಸಿ ವಿ. ಶಾಂತಾರಾಮ್ 1946ರಲ್ಲಿ 'ಡಾ. ಕೋಟ್ನೀಸ್ ಕಿ ಅಮರ್ ಕಹಾನಿ' ತೆಗೆದರು, ತಾವೇ ಕೋಟ್ನೀಸ್ ಪಾತ್ರ ಮಾಡಿದರು. ಚೀನಾ 1982ರಲ್ಲಿ ಅಂಚೆಚೀಟಿ ತಂದಿತು, ಭಾರತ 1993ರಲ್ಲಿ. ಸೊಲ್ಲಾಪುರದ ಅವರ ಮನೆ 2012ರಲ್ಲಿ ಸ್ಮಾರಕವಾಯಿತು. 2006ರಲ್ಲಿ ಹೂ ಜಿಂಟಾವೊ, 2013ರಲ್ಲಿ ಲಿ ಕೆಚಿಯಾಂಗ್ ಭಾರತಕ್ಕೆ ಬಂದಾಗ ಮುಂಬೈನಲ್ಲಿ ಕೋಟ್ನೀಸ್ ಕುಟುಂಬದವರನ್ನು ಕಂಡರು.

ಎರಡೂ ದೇಶಗಳ ಅಧಿಕಾರಸ್ಥರಿಗೆ ಕೋಟ್ನೀಸ್ ಬೇಕಾಗುವುದು ಕೈಕುಲುಕುವ ದಿನ ಮಾತ್ರ. 1962ರಲ್ಲಿ ಯುದ್ಧವಾಯಿತು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತರು. ಟಿವಿಯಲ್ಲಿ ಚೀನೀ ಟಿವಿ ಸೆಟ್ ಒಡೆಯುವುದನ್ನು ತೋರಿಸಿದರು, ಚೀನೀ ಆಪ್‌ಗಳು ಬ್ಯಾನ್ ಆದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಿಜಿಯಾಜುವಾಂಗ್‌ನಿಂದ ಸುದ್ದಿ ಬಂತು, ಅಲ್ಲಿ ಕೋಟ್ನೀಸ್ ಹೆಸರಿನ ವೈದ್ಯಕೀಯ ಶಾಲೆಯ ಮುಂದೆ ಅವರ ಕಂಚಿನ ಪ್ರತಿಮೆ ಸಿದ್ಧವಾಗಿದೆ ಅಂತ. ಎರಡೂ ಸುದ್ದಿ ಒಂದೇ ವರ್ಷದವು.

ಕೋಟ್ನೀಸರನ್ನು ಗೌರವಿಸುವುದು ಅಂದರೆ ಇಂದಿನ ಚೀನೀ ಸರ್ಕಾರ ಮಾಡಿದ್ದೆಲ್ಲ ಸರಿ ಅನ್ನುವುದಲ್ಲ. ಗಡಿಯಲ್ಲಿ ಅದರ ನಡೆ, ತನ್ನದೇ ಪ್ರಜೆಗಳ ಬಾಯಿ ಮುಚ್ಚಿಸುವ ರೀತಿ ಇವನ್ನು ಟೀಕಿಸಲು ಯಾರ ಅನುಮತಿಯೂ ಬೇಡ. ಹಾಗೆಯೇ ಸರ್ಕಾರದ ಮೇಲಿನ ಸಿಟ್ಟನ್ನು ಆ ದೇಶದ ಜನರ ಮೇಲೆ, ಅವರನ್ನು ಹೋಲುವ ನಮ್ಮದೇ ಈಶಾನ್ಯ ರಾಜ್ಯಗಳ ಯುವಕ ಯುವತಿಯರ ಮೇಲೆ ತೀರಿಸಿಕೊಳ್ಳುವುದು ದೇಶಪ್ರೇಮವೂ ಅಲ್ಲ.

ಇತಿಹಾಸ ಇಲ್ಲಿ ನಮ್ಮ ಅನುಕೂಲಕ್ಕೆ ತಕ್ಕ ಹಾಗೆ ಇಲ್ಲ ಎಂಬುದನ್ನೂ ಹೇಳಬೇಕು. ಕೋಟ್ನೀಸರನ್ನು ಕಳಿಸಿದ ಸುಭಾಷ್ ಬೋಸ್ 1943ರಲ್ಲಿ ಅದೇ ಜಪಾನಿನ ನೆರವಿನಿಂದ ಆಜಾದ್ ಹಿಂದ್ ಫೌಜ್ ಮುನ್ನಡೆಸಿದರು. ಬ್ರಿಟಿಷರನ್ನು ಓಡಿಸುವುದೇ ಮೊದಲು ಅನ್ನುವುದು ಒಂದು ತರ್ಕ. ಯಾವ ಸಾಮ್ರಾಜ್ಯದ ಬೂಟು ಯಾರ ಕುತ್ತಿಗೆ ಮೇಲಿದ್ದರೂ ವಿರೋಧಿಸಬೇಕು ಅನ್ನುವುದು ಇನ್ನೊಂದು. ಬೋಸರ ತ್ಯಾಗವನ್ನು ಸಣ್ಣದು ಮಾಡದೆ ಹೇಳುತ್ತೇನೆ, ನಾನು ಎರಡನೆಯದರ ಪರ. ರವೀಂದ್ರನಾಥ ಠಾಕೂರರೂ 1938ರಲ್ಲಿ ಜಪಾನಿನ ಗೆಳೆಯ, ಕವಿ ನೊಗುಚಿಯ ಜೊತೆ ಇದೇ ಪ್ರಶ್ನೆಗೆ ಪತ್ರಗಳಲ್ಲಿ ಜಗಳವಾಡಿದರು. ಏಷ್ಯಾದ ದೇಶ ಎಂಬ ಕಾರಣಕ್ಕೆ ಜಪಾನಿನ ದಾಳಿಯನ್ನು ಒಪ್ಪಲು ಅವರು ತಯಾರಿರಲಿಲ್ಲ.

ಉಳಿದ ಕೆಲಸ

ತಂಡದ ಬಿಜಯ್ ಕುಮಾರ್ ಬಸು 1950ರ ದಶಕದಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದರು. ಕಲ್ಕತ್ತಾದಲ್ಲಿ ಕೋಟ್ನೀಸ್ ಹೆಸರಿನ ಸಮಿತಿಯ ಮೂಲಕ ಕಡಿಮೆ ಖರ್ಚಿನ ಚಿಕಿತ್ಸೆಯ ಕೆಲಸ ನಡೆಯಿತು. ಗೆಳೆಯನನ್ನು ನೆನೆಯಲು ಅವರು ಆರಿಸಿಕೊಂಡದ್ದು ಆ ದಾರಿ.

ನಮ್ಮ ರಾಜ್ಯದಲ್ಲಿ ವೈದ್ಯಕೀಯ ಪದವಿ ಮುಗಿಸಿದವರಿಗೆ ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ 2012ರಲ್ಲಿ ರೂಪುಗೊಂಡಿತು. ಅದರ ಬಗ್ಗೆ ಚರ್ಚೆಯಾದಾಗೆಲ್ಲ ಒಂದು ಕಡೆ ಎಳೆಯ ಡಾಕ್ಟರುಗಳಿಗೆ ತ್ಯಾಗದ ಉಪದೇಶ, ಇನ್ನೊಂದು ಕಡೆ ಕ್ವಾರ್ಟರ್ಸ್ ಇಲ್ಲ, ಔಷಧಿ ಇಲ್ಲ, ನರ್ಸ್ ಇಲ್ಲ ಎಂಬ ದೂರು. ಕೋಟ್ನೀಸರ ಹೆಸರನ್ನು ಉಪದೇಶಕ್ಕೆ ಬಳಸುವುದು ಸುಲಭ. ಆದರೆ 1938ರಲ್ಲಿ ಅವರನ್ನು ಬರಿಗೈಯಲ್ಲಿ ಕಳಿಸಿರಲಿಲ್ಲ. ಜನ ದುಡ್ಡು ಹಾಕಿದ್ದರು, ಆಂಬುಲೆನ್ಸ್ ಕೊಟ್ಟಿದ್ದರು, ಹಿಂದೆ ಒಂದು ಚಳವಳಿ ನಿಂತಿತ್ತು. ಒಬ್ಬರ ತ್ಯಾಗ ಫಲಿಸಬೇಕಾದರೆ ಉಳಿದವರು ತಮ್ಮ ಪಾಲಿನದನ್ನು ಮಾಡಿರಬೇಕು. ಸರ್ಕಾರವೇ ಇಲ್ಲದ ಜನ 22,000 ರೂಪಾಯಿ ಕೂಡಿಸಿ ಪರದೇಶದ ಗಾಯಾಳುಗಳಿಗೆ ಡಾಕ್ಟರ್ ಕಳಿಸಿದರು. ಸರ್ಕಾರ ಇರುವ ನಾವು ತಾಲ್ಲೂಕು ಆಸ್ಪತ್ರೆಗೆ ಸರ್ಜನ್ ಕೊಡಿ ಅಂತ ಗಟ್ಟಿಯಾಗಿ ಕೇಳುವುದಾದರೂ ಬೇಡವೇ?

ಗಾಜಾದ ಆಸ್ಪತ್ರೆಗಳ ಮೇಲೆ ಬಾಂಬು ಬಿದ್ದಾಗ ನಮ್ಮಲ್ಲಿ ಕೆಲವರು ಕೇಳಿದರು, ನಮಗೂ ಅದಕ್ಕೂ ಏನು ಸಂಬಂಧ ಅಂತ. 1938ರಲ್ಲೂ ಆ ಪ್ರಶ್ನೆ ಕೇಳಬಹುದಿತ್ತು. ಆಗಿನ ಉತ್ತರ ಒಂದು ಹಡಗು ಹತ್ತಿ ಹೋಯಿತು.

ಬಾಗಲಕೋಟೆಯಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಸೊಲ್ಲಾಪುರ. ಸಿದ್ಧರಾಮನ ಕೆರೆ ನೋಡಲು ಹೋದವರು ಕೋಟ್ನೀಸ್ ಮನೆಯನ್ನೂ ನೋಡಿ ಬನ್ನಿ. ಮೆಡಿಕಲ್ ಓದುತ್ತಿರುವ ಗೆಳೆಯರಿದ್ದರೆ ಅವರನ್ನೂ ಕರಕೊಂಡು ಹೋಗಿ. ಮರಳಿ ಬರುವಾಗ ರೈಲಿನಲ್ಲಿ ಅವರನ್ನೊಂದು ಮಾತು ಕೇಳಿ: ನಿಮ್ಮ ವಾರ್ಡಿಗೆ ಬರುವ ರೋಗಿಗಳು ನೋವನ್ನು ಯಾವ್ಯಾವ ಪದಗಳಲ್ಲಿ ಹೇಳುತ್ತಾರೆ, ಬರೆದಿಟ್ಟುಕೊಂಡಿದ್ದೀರಾ?